ಮೈಗಾವಲಿನ ಮರ್ಮವನ್ನರಸಿದ ಬರ್ನೆಟ್

ಆಸ್ಟ್ರೇಲಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊತ್ತ ಕಾಂಗರೂ. ಆ ಮರಿ ಹುಟ್ಟುವಾಗ ಒಂದು ಗ್ರಾಮಿನಷ್ಟೂ ತೂಗುವುದಿಲ್ಲ. ಅದರ ಕಣ್ಣು ತೆರೆದಿರುವುದಿಲ್ಲ. ರೋಗದೊಡನೆ ಹೋರಾಡುವ ಅಂಗಗಳೂ ಬಲಿತಿರುವುದಿಲ್ಲ. ತನ್ನದಾವುದು, ಅನ್ಯವಾವುದು ಎಂಬುದನ್ನು ದೇಹವು ಯಾವಾಗ ಕಲಿಯುತ್ತದೆ? ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಅದೇ ನಾಡಿನ ವಿಜ್ಞಾನಿ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್.

ಬರ್ನೆಟ್ 1899ರ ಸೆಪ್ಟೆಂಬರ್ 3ರಂದು ವಿಕ್ಟೋರಿಯ ಪ್ರಾಂತದ ಟ್ರರಾಲ್ಗನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬ್ಯಾಂಕಿನ ವ್ಯವಸ್ಥಾಪಕರು. ಬಾಲ್ಯದಲ್ಲಿ ಬರ್ನೆಟ್ಟರಿಗೆ ಜೀರುಂಡೆಗಳನ್ನು ಸಂಗ್ರಹಿಸುವ ಹುಚ್ಚು. ಮೆಲ್ಬೋರ್ನಿನಲ್ಲಿ ವೈದ್ಯ ಪದವಿ ಪಡೆದು ಅಲ್ಲಿಯ ಹಾಲ್ ಸಂಶೋಧನಾಲಯವನ್ನು ಸೇರಿದರು.

1928ರಲ್ಲಿ ಬಂಡಾಬರ್ಗ್ ಎಂಬ ಪಟ್ಟಣದಲ್ಲಿ ಘೋರ ದುರಂತವೊಂದು ನಡೆಯಿತು. ಗಂಟಲಮಾರಿ ಬಾರದಿರಲೆಂದು ಮದ್ದು ಚುಚ್ಚಿಸಿಕೊಂಡ 21 ಮಕ್ಕಳಲ್ಲಿ 12 ಮಂದಿ ಒಂದೆರಡು ದಿನಗಳಲ್ಲಿಯೇ ಅಸುನೀಗಿದರು. ಕಾಯಬೇಕಾದ ಮದ್ದೇ ಕೊಂದಿತು! ಸೀಸೆಯೊಳಗೆ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯ ಬೆಳೆದಿದ್ದುದನ್ನು ಪತ್ತೆಹಚ್ಚಿದವರು ಬರ್ನೆಟ್. ಅಲ್ಲಿಂದ ಮುಂದೆ ರೋಗನಿರೋಧದ ವಿಚಾರ ಅವರನ್ನು ಬಿಡಲಿಲ್ಲ.

ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರನ್ನು ಕಾಡುತ್ತಿದ್ದ ವಿಚಿತ್ರ ಜ್ವರದ ರೋಗಾಣುವನ್ನು 1937ರಲ್ಲಿ ಅವರು ಗುರುತಿಸಿದರು. ಅದು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಆ ಜ್ವರವನ್ನು ಮೊದಲು ಗಮನಿಸಿದ್ದ ವೈದ್ಯ ಡೆರಿಕ್, ರೋಗಾಣುವು ಬ್ಯಾಂಡಿಕೂಟ್ ಎಂಬ ಹೊಟ್ಟೆಚೀಲದ ಪ್ರಾಣಿಯಲ್ಲಿಯೂ ಅದರ ಉಣ್ಣೆಗಳಲ್ಲಿಯೂ ನೆಲಸಿರುವುದನ್ನು ಕಂಡರು. ಈ ಹೆಸರು ಹುಟ್ಟಿದ್ದು ಹೆಗ್ಗಣಕ್ಕೆ ತೆಲುಗರು ಹೇಳುವ ಪಂದಿಕೊಕ್ಕು ಎಂಬ ಮಾತಿನಿಂದ. ಆದರೆ ಆ ಪ್ರಾಣಿಗೂ ನಮ್ಮ ಹೆಗ್ಗಣಕ್ಕೂ ಯಾವ ನಂಟೂ ಇಲ್ಲ.

ಮೊಲಗಳನ್ನು ಅಳಿಸಲು ಬಿಟ್ಟಿದ್ದ ವೈರಸ್ ಮನುಷ್ಯರಿಗೂ ತಗಲಿತೆಂದು 1951ರಲ್ಲಿ ಜನ ಭೀತರಾದರು. ಬರ್ನೆಟ್ ಇಬ್ಬರು ಸಹೋದ್ಯೋಗಿಗಳೊಡನೆ ಆ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮೂವರಿಗೂ ಏನೂ ಆಗಲಿಲ್ಲ.

ಅವರ ಹಿರಿಯ ಸಾಧನೆ ಕಾಣದಂತಹದು. ಭ್ರೂಣಾವಸ್ಥೆಯಲ್ಲಿ ದೇಹವು ಎದುರುಗೊಂಡದ್ದನ್ನೆಲ್ಲ ತನ್ನದೆಂದೇ ಕಲಿಯುತ್ತದೆ ಎಂದು 1949ರಲ್ಲಿ ಅವರು ಊಹಿಸಿದರು. ಕೋಳಿಮೊಟ್ಟೆಗಳಲ್ಲಿ ಅದನ್ನು ಪರೀಕ್ಷಿಸಹೊರಟು ಸೋತರು. ಇಂಗ್ಲೆಂಡಿನ ಪೀಟರ್ ಮೆಡವಾರ್ 1953ರಲ್ಲಿ ಇಲಿಗಳಲ್ಲಿ ಅದನ್ನು ಸಾಧಿಸಿ ತೋರಿಸಿದರು. 1960ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು. ಸೋತ ಪ್ರಯೋಗದ ಹಿಂದೆ ಸರಿಯಾದ ಊಹೆಯಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಕಾಂಗರೂ ಮರಿಯಲ್ಲಿ ಈ ಕಲಿಕೆಯ ಬಹುಭಾಗ ನಡೆಯುವುದು ಹುಟ್ಟಿದ ಮೇಲೆ. ಥೈಮಸ್ ಗ್ರಂಥಿಯೂ ದುಗ್ಧಗ್ರಂಥಿಗಳೂ ಚೀಲದೊಳಗೇ ಬಲಿಯುತ್ತವೆ. ಅಲ್ಲಿಯವರೆಗೆ ತಾಯಹಾಲಿನಲ್ಲಿರುವ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ.

ಬರ್ನೆಟ್ 1985ರ ಆಗಸ್ಟ್ 31ರಂದು ನಿಧನರಾದರು. ಹನ್ನೊಂದು ವರ್ಷಗಳ ತರುವಾಯ ಟ್ಯಾಸ್ಮೇನಿಯ ದ್ವೀಪದ ಡೆವಿಲ್ ಎಂಬ ಹೊಟ್ಟೆಚೀಲದ ಪ್ರಾಣಿಯ ಮೋರೆಯಲ್ಲಿ ಗೆಡ್ಡೆಗಳು ಕಂಡುಬಂದವು. ಅವು ಕಚ್ಚಾಡುವಾಗ ಒಂದರ ಅರ್ಬುದ ಕೋಶಗಳೇ ಇನ್ನೊಂದರ ಮೈಯಲ್ಲಿ ಬೇರೂರುತ್ತವೆ. ಅನ್ಯಕೋಶಗಳು ನುಗ್ಗಿದರೂ ಮೈಗಾವಲು ಸುಮ್ಮನಿರುವುದೇಕೆ? ಆ ಕೋಶಗಳು ಹೊರಮೈಯ ಗುರುತುಗಳನ್ನು ಮರೆಮಾಡಿಕೊಂಡಿರುತ್ತವೆ ಎಂದು 2013ರಲ್ಲಿ ತಿಳಿಯಿತು. ಗುರುತುಗಳನ್ನು ಮರಳಿ ತೋರಿಸುವಂತೆ ಮಾಡಿದ ಕೋಶಗಳನ್ನು ಚುಚ್ಚಿದಾಗ ಕೆಲವು ಡೆವಿಲ್‌ಗಳ ಗೆಡ್ಡೆ ಕರಗಿತೆಂದು 2017ರಲ್ಲಿ ಸಂಶೋಧಕರು ಪ್ರಕಟಿಸಿದರು.