ಗಾಳಿಯ ತಿಕ್ಕಾಟವನ್ನು ಅಳೆದ ಗುರು: ಪ್ರೊ. ಸತೀಶ್ ಧವನ್

ನಮ್ಮ ಅನಂತಪುರ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಬಳಿ ನಿಂತವರಿಗೆ ಅವುಗಳ ರೆಕ್ಕೆಗಳ ಸುಯ್ಯೆಂಬ ಸದ್ದು ಪರಿಚಿತವೇ ಆಗಿದೆ. ಆ ಸದ್ದಿನ ಬಹುಪಾಲು ಹುಟ್ಟುವುದು ಒಳಗಿನ ಚಕ್ರಗಳಲ್ಲಲ್ಲ. ರೆಕ್ಕೆಯ ಮೈಗೆ ಅಂಟಿದಂತೆ ಹರಿಯುವ ಗಾಳಿಯ ತೆಳುಪದರದಲ್ಲಿ. ಆ ಪದರ ಪ್ರಕ್ಷುಬ್ಧಗೊಂಡಾಗ ಅದರೊಳಗಿನ ಸುಳಿಗಳು ಮೇಲ್ಮೈಯನ್ನು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಒತ್ತಿ ಸಡಿಲಿಸುತ್ತವೆ. ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಆ ಏರಿಳಿತವೇ ಸದ್ದಾಗಿ ಹೊಮ್ಮುತ್ತದೆ. ವಿಮಾನದ ತೆಳುವಾದ ಲೋಹದ ಹೊದಿಕೆ ಇದೇ ಒತ್ತಡಕ್ಕೆ ಸಿಕ್ಕಿ ನಗಾರಿಯ ಚರ್ಮದಂತೆ ಕಂಪಿಸುವುದರಿಂದ ಒಳಗೆ ಕುಳಿತವರಿಗೆ ಮೊರೆತ ಕೇಳಿಸುತ್ತದೆ. ಈ ತೆಳುಪದರದ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಭದ್ರವಾದ ತಳಹದಿ ಹಾಕಿದ ಮಹನೀಯರು ಪ್ರೊ. ಸತೀಶ್ ಧವನ್.

ಧವನರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಯಂತ್ರಶಿಲ್ಪ ಈ ಮೂರರಲ್ಲಿಯೂ ಪದವಿಗಳನ್ನು ಪಡೆದರು. ಬಳಿಕ ಅಮೆರಿಕಕ್ಕೆ ತೆರಳಿ, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ನರ ಶಿಷ್ಯರಾಗಿ 1951ರಲ್ಲಿ ಡಾಕ್ಟರೇಟ್ ಗಳಿಸಿದರು. ಹರಿಯುವ ಗಾಳಿ ಮೇಲ್ಮೈಯನ್ನು ಎಷ್ಟು ಬಲದಿಂದ ಎಳೆಯುತ್ತದೆಂಬುದನ್ನು ಪರೋಕ್ಷವಾಗಿ ಲೆಕ್ಕಹಾಕುವುದೇ ಆಗ ಹೆಚ್ಚಾಗಿ ರೂಢಿಯಲ್ಲಿತ್ತು. ಧವನರು ಮೇಲ್ಮೈಯ ಪುಟ್ಟ ತುಣುಕೊಂದನ್ನು ಸುತ್ತಲಿನಿಂದ ಕೂದಲೆಳೆಯಷ್ಟು ಬಿಡಿಸಿ, ಗಾಳಿಯ ಎಳೆತಕ್ಕೆ ಅದು ಸರಿಯುವುದನ್ನು ವಿದ್ಯುತ್ ಉಪಕರಣದಿಂದ ನೇರವಾಗಿ ಅಳೆದರು. ಶಬ್ದವೇಗವನ್ನು ಮೀರಿದ ಹರಿವಿನಲ್ಲಿಯೂ ಈ ವಿಧಾನ ನಿಂತಿತು.

ಅದೇ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಶಬ್ದಾತೀತ ವೇಗದ ಗಾಳಿಸುರಂಗವನ್ನು ಚಿಕ್ಕ ಪ್ರಮಾಣದಲ್ಲಿಯೇ ನಿರ್ಮಿಸಿ, ವಿದ್ಯಾರ್ಥಿಗಳಿಗೆ ಪ್ರಯೋಗದ ಹಾದಿ ತೆರೆದರು. ಆ ವಿದ್ಯಾರ್ಥಿಗಳಲ್ಲಿ ಒಬ್ಬರು, ಮಡಕಶಿರಾಕ್ಕೆ ದೂರವಲ್ಲದ ರೊದ್ದಂ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ರೊದ್ದಂ ನರಸಿಂಹ. ನಯವಾಗಿ ಹರಿಯುವ ಗಾಳಿ ಪ್ರಕ್ಷುಬ್ಧವಾಗುವಾಗ ಮೊದಲು ಅಲ್ಲಲ್ಲಿ ಕದಡಿದ ಮಚ್ಚೆಗಳು ಹುಟ್ಟಿ, ಮುಂದೆ ಸಾಗುತ್ತ ಹಿಗ್ಗಿ, ಒಂದರೊಳಗೊಂದು ಬೆರೆಯುತ್ತವೆ. ಈ ಸ್ಥಿತ್ಯಂತರವನ್ನು ಗಣಿತದ ಹಿಡಿತಕ್ಕೆ ತಂದ ಗುರುಶಿಷ್ಯರ ಪ್ರಬಂಧ 1958ರಲ್ಲಿ ಪ್ರಕಟವಾಗಿ ಲೋಕಮನ್ನಣೆ ಪಡೆಯಿತು. ಗಾಳಿ ಎಲ್ಲಿ ಕದಡುತ್ತದೆಂದು ತಿಳಿಯದೆ ಅದರ ಎಳೆತವನ್ನಾಗಲಿ ಸದ್ದನ್ನಾಗಲಿ ಅಂದಾಜು ಮಾಡಲಾಗದು.

1962ರಲ್ಲಿ ಧವನರು ಸಂಸ್ಥೆಯ ನಿರ್ದೇಶಕರಾದರು. 1972ರಲ್ಲಿ ಇಸ್ರೋ ಅಧ್ಯಕ್ಷತೆಯೂ ಅವರ ಹೆಗಲೇರಿತು. ರಾಕೆಟ್ ಶಬ್ದವೇಗವನ್ನು ದಾಟುವ ಹೊತ್ತಿನಲ್ಲಿ ಅದರ ಮೂತಿಯ ಕವಚವನ್ನೂ ಒಳಗಿನ ಉಪಗ್ರಹವನ್ನೂ ನಡುಗಿಸುವುದು ಇದೇ ಪ್ರಕ್ಷುಬ್ಧ ಗಾಳಿ. ಪ್ರಯೋಗಾಲಯದ ತೆಳುಪದರವೇ ಈಗ ರಾಷ್ಟ್ರದ ಹೊಣೆಯಾಗಿ ಅವರ ಮುಂದೆ ನಿಂತಿತ್ತು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ದೋಷದಿಂದ ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಾಯಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. ಆದರೂ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತವರು ಧವನರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರೆದುರು ಮಾತನಾಡಲು ಅವರು ಕಲಾಮರನ್ನೇ ಮುಂದೆ ಕಳುಹಿಸಿದರು. ಕಲಾಮರು ಈ ಪ್ರಸಂಗವನ್ನು ಜೀವನದುದ್ದಕ್ಕೂ ಸ್ಮರಿಸುತ್ತಿದ್ದರು.

1984ರಲ್ಲಿ ಇಸ್ರೋ ಅಧ್ಯಕ್ಷತೆಯಿಂದ ನಿವೃತ್ತರಾದ ಮೇಲೂ ಗಾಳಿಯ ಮೇಲಿನ ಅವರ ಕುತೂಹಲ ತಣಿಯಲಿಲ್ಲ. ಹಕ್ಕಿಗಳ ಹಾರಾಟವನ್ನು ಕುರಿತು ಅಧ್ಯಯನ ನಡೆಸಿ ಗ್ರಂಥವನ್ನೇ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ನೂರು ವರ್ಷ ತುಂಬಿದ ಶಾಲೆಯ ಸಂಭ್ರಮದಲ್ಲಿ ಈ ಜೀವನವನ್ನು ನೆನೆಯುವುದು ಉಚಿತವೇ ಸರಿ. ಕಣ್ಣಿಗೆ ಕಾಣದುದನ್ನು ಊಹೆಗೆ ಬಿಡದೆ ಅಳೆಯಬೇಕೆಂಬ ಶಿಸ್ತನ್ನು ಧವನರು ಶಿಷ್ಯರಿಗೆ ಕಲಿಸಿದರು. ಸೋಲು ಬಂದಾಗ ತಾವು ಮುಂದೆ ನಿಂತು, ಗೆಲುವು ಬಂದಾಗ ಕಿರಿಯರನ್ನು ಮುಂದೆ ನಿಲ್ಲಿಸಿದರು. ಗುಡ್ಡದ ಗಾಳಿಯಂತ್ರದ ಸದ್ದು ಏಕೆ ಬರುತ್ತದೆಂದು ನಮ್ಮ ಮಕ್ಕಳಲ್ಲೊಬ್ಬರು ಕೇಳಿದರೆ, ಉತ್ತರದ ಜೊತೆಗೆ ಈ ಗುರುವಿನ ಕಥೆಯನ್ನೂ ಹೇಳೋಣ.