ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15, 1860 – ಏಪ್ರಿಲ್ 1962) ಅವರು ಭಾರತದ ಪ್ರಖ್ಯಾತ ಎಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ದಿವಾನರು. ಶ್ರೀರಂಗಪಟ್ಟಣದ ಸಮೀಪದ ಕೃಷ್ಣರಾಜಸಾಗರ ಅಣೆಕಟ್ಟೆಯ ರೂವಾರಿಯೆಂದು ಅವರು ಪ್ರಸಿದ್ಧರು. ಭಾರತದಲ್ಲಿಯೇ ಮೋಟಾರು ಕಾರು ತಯಾರಿಸುವ ಕಾರ್ಖಾನೆಯನ್ನು ಸ್ಥಾಪಿಸಲು ತಮ್ಮ ಇಳಿವಯಸ್ಸಿನಲ್ಲಿ ಅವರು ನಡೆಸಿದ ಪ್ರಯತ್ನ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಇವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ ಓದಿ, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಆವಿಷ್ಕಾರ.

ಕನ್ನಂಬಾಡಿ ಕಟ್ಟೆ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ನೇಮಕಗೊಂಡ ಅವರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಸುಮಾರು 2,621 ಮೀಟರ್ ಉದ್ದದ ಈ ಕಟ್ಟೆಯಿಂದ ಹೊರಟ, ಇಂದು ಅವರ ಹೆಸರನ್ನೇ ಹೊತ್ತಿರುವ ನಾಲೆಯು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಮುಂತಾದ ತಾಲೂಕುಗಳ ಬೆದ್ದಲು ಭೂಮಿಯನ್ನು ಗದ್ದೆಗಳಾಗಿಸಿತು. ಇದೇ ವೇಳೆ ಹಳೆಯ ಕನ್ನಂಬಾಡಿ ಸೇರಿದಂತೆ ಹಲವು ಗ್ರಾಮಗಳು ಹಿನ್ನೀರಿನಲ್ಲಿ ಮುಳುಗಿ, ಅಲ್ಲಿನ ಜನರು ನೆಲೆ ಬದಲಿಸಬೇಕಾಯಿತು.

ಮೋಟಾರು ಕಾರ್ಖಾನೆಯ ಯೋಜನೆ

1920ರ ದಶಕದ ಕೊನೆ ಹಾಗೂ 1930ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಹೊರದೇಶದಿಂದ ತಂದ ಬಿಡಿಭಾಗಗಳನ್ನು ಭಾರತದಲ್ಲಿ ಜೋಡಿಸಿ ಮಾರುತ್ತಿದ್ದವು. ಎಂಜಿನ್ ಇಲ್ಲಿ ತಯಾರಾಗುತ್ತಿರಲಿಲ್ಲ. ಜೋಡಣೆಗೂ ತಯಾರಿಕೆಗೂ ಇರುವ ಅಂತರ ದೊಡ್ಡದು. ಉದಾಹರಣೆಗೆ, ಹೊಗೆಯನ್ನು ಹೊರಹಾಕುವ ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿದು ಹಿಡಿಯುವ ಉಕ್ಕಿನ ಸ್ಟಡ್‌ಗಳು, ಎಂಜಿನ್ ಕಾದು ತಣಿಯುವಾಗಲೆಲ್ಲ ಲೋಹದ ಹಿಗ್ಗುಕುಗ್ಗನ್ನು ತಾಳಬೇಕು. ತಾಳದಿದ್ದರೆ ಸಡಿಲಗೊಂಡು ಹೊಗೆ ಸೋರುತ್ತದೆ, ಕೆಲವೊಮ್ಮೆ ಸ್ಟಡ್ ಮುರಿಯುತ್ತದೆ. ಬೆರಳುದ್ದದ ಇಂಥ ಒಂದು ಭಾಗಕ್ಕೂ ತಕ್ಕ ಉಕ್ಕು, ನಿಖರವಾದ ಕಡೆತ ಮತ್ತು ಪಳಗಿದ ಕೈ ಬೇಕು. ಮೋಟಾರು ಉದ್ಯಮ ಬಂದರೆ ಎರಕ, ಉಕ್ಕು, ಯಂತ್ರೋಪಕರಣಗಳ ಉದ್ಯಮಗಳೂ ಅದರೊಡನೆ ಬೆಳೆಯುತ್ತವೆ.

1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ನಂಟು ತಿಳಿದಿತ್ತು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷ, ಎಪ್ಪತ್ತೈದರ ಹರೆಯದಲ್ಲಿ, ಯೂರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಮುಂದಾಗಿತ್ತು, ಆದರೆ ಅದು 1939ರಲ್ಲಿ ರಾಜೀನಾಮೆ ನೀಡಿತು. ಬಳಿಕ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಆಲೋಚನೆಗೆ ಮೈಸೂರು ಸಂಸ್ಥಾನ ಒಲವು ತೋರಿದರೂ ಬ್ರಿಟಿಷ್ ಭಾರತ ಸರ್ಕಾರದ ಸಹಕಾರ ದೊರೆಯಲಿಲ್ಲ.

1940ರಲ್ಲಿ ವಾಲ್‌ಚಂದ್ ಅವರು ಮೈಸೂರಿನ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಮೋಟಾರು ಸಂಸ್ಥೆ, ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬೆಂಗಳೂರಿಗೆ ಬರಬೇಕಿದ್ದ ಕಾರಿನ ಕಾರ್ಖಾನೆ ಮಾತ್ರ ಬರಲಿಲ್ಲ.

ಕೊನೆಯ ದಿನಗಳು

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಲಭಿಸಿತು. 1960ರಲ್ಲಿ ಅವರ ಜನ್ಮಶತಮಾನೋತ್ಸವವನ್ನು ಆಚರಿಸಿ, ಅಂಚೆಚೀಟಿಯನ್ನು ಬಿಡುಗಡೆ ಮಾಡಲಾಯಿತು. 1962ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ. ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ.