ದೊಡ್ಡಸ್ವಾಮಿಯವರ ವಿವೇಕ



ಬೋರ್‌ವೆಲ್ ಬತ್ತಿದೆ, ತೋಟ ಒಣಗುತ್ತಿದೆ, ಸಂಘದ ಸಾಲದ ಕಂತು ತಲೆಯ ಮೇಲಿದೆ. ನಮ್ಮ ಮತ್ತೋಡಿನ ಸೀಮೆಯಲ್ಲಿ ಇಂಥ ದಿನ ಕಾಣದ ಮನೆ ಕಡಿಮೆ. ಆಗ ನೀವು ಜಪಸರ ಹಿಡಿಯುತ್ತೀರಿ, ಒಳ್ಳೆಯದೇ. ಆದರೆ ಜಪ ಮುಗಿಸಿ ಎದ್ದ ಮೇಲೆ ಮೊದಲು ಏನು ಮಾಡುತ್ತೀರಿ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಅಬ್ಬೆ ದುಬ್ವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು.

ಫ್ರಾನ್ಸಿನ ಆರ್ದೆಶ್ ಪ್ರದೇಶದಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದರು. ಇಲ್ಲಿ ಅವರಿಗೆ ಎದುರಾದದ್ದು ಚದುರಿಹೋದ ಸಭೆ. ಬಲವಂತಕ್ಕೆ ಸಿಕ್ಕಿ ವಿಶ್ವಾಸ ಬಿಟ್ಟವರಿದ್ದರು, ಯುದ್ಧದಲ್ಲಿ ನೆಲೆ ಕಳೆದುಕೊಂಡವರಿದ್ದರು. ಜೊತೆಗೆ ಬಡತನ, ಸಿಡುಬು.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಹೆಜ್ಜೆಗಳನ್ನು ಕಾಣುತ್ತಾರೆ: ಆಲೋಚಿಸುವುದು, ನಿರ್ಣಯಿಸುವುದು, ನಿರ್ಣಯಿಸಿದ್ದನ್ನು ನಡೆಸುವುದು. ಮೂರನೆಯದೇ ಮುಖ್ಯವೆಂದು ಅವರ ಮತ. ಸೆಮಿನರಿಯಲ್ಲಿ ಇದನ್ನು ಕಂಠಪಾಠ ಮಾಡಿದೆವು. ಅರ್ಥವಾದದ್ದು ದುಬ್ವಾ ಅವರ ಬದುಕನ್ನು ಓದಿದಾಗ.

ಅವರು ಮೊದಲು ಜನರನ್ನು ಅರಿತರು. ಇಲ್ಲಿಯ ಉಡುಪು ತೊಟ್ಟರು, ಮಾಂಸ ಬಿಟ್ಟರು, ಊರಿನವರಂತೆ ಬಾಳಿದರು. ಅವರು ಸಿದ್ಧಪಡಿಸಿದ ಹಿಂದೂ ಆಚಾರವಿಚಾರಗಳ ಗ್ರಂಥವನ್ನು ಇಂಗ್ಲಿಷ್ ಕುಂಪಣಿ 1807ರಲ್ಲಿ 2,000 ಪಗೋಡಕ್ಕೆ ಕೊಂಡಿತು. ಅದರಲ್ಲಿ ಹೆಚ್ಚಿನದು ಅವರಿಗಿಂತ ಹಿಂದಿನ ಯೇಸುಸಭೆಯ ಗುರುಗಳೊಬ್ಬರ ಹಸ್ತಪ್ರತಿಯಿಂದ ಬಂದದ್ದೆಂದು ವಿದ್ವಾಂಸರು ಈಚೆಗೆ ತೋರಿಸಿದ್ದಾರೆ. ಆ ಮಾತನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಮಟ್ಟಿಗೆ ಅವರ ದೊಡ್ಡತನ ಆ ಪುಸ್ತಕದಲ್ಲಿಲ್ಲ.

ಅದು ಸಿಡುಬಿನ ಕೆಲಸದಲ್ಲಿದೆ. ಜೆನ್ನರ್ ಕಂಡ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. ಆಗ ಐಸ್ ಪೆಟ್ಟಿಗೆ ಇಲ್ಲ. ನಮ್ಮ ಬಿಸಿಲಿಗೆ ಲಸಿಕೆಯ ರಸ ಬೇಗ ಕೆಡುತ್ತಿತ್ತು. ಅದಕ್ಕೆ ಒಬ್ಬನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟು ದಿನದ ಸುಮಾರಿಗೆ ತೆಗೆದು ಇನ್ನೊಬ್ಬನ ತೋಳಿಗೆ ಹಾಕಬೇಕು, ಅವನಿಂದ ಮತ್ತೊಬ್ಬನಿಗೆ. ನಡುವೆ ತೋಳು ಚಾಚುವವರು ಸಿಗದಿದ್ದರೆ ಸರಪಳಿ ತುಂಡಾಗುತ್ತಿತ್ತು. ಸಿಡುಬನ್ನು ಅಮ್ಮನೆಂದು ನಂಬಿದ ನಾಡಿನಲ್ಲಿ, ಹಸುವಿನ ರೋಗದ ರಸವನ್ನು ನಿನ್ನ ಮಗುವಿನ ಮೈಗೆ ಸೇರಿಸುತ್ತೇನೆ ಎಂದರೆ ಯಾವ ತಾಯಿ ಒಪ್ಪಿಯಾಳು? ಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ನಂಬಿಕೆ. ತಮ್ಮಂತೆಯೇ ಉಂಡು ಉಟ್ಟ ಸ್ವಾಮಿಗಳ ಮಾತನ್ನು ಜನ ಕೇಳಿದರು. 1803-04ರಲ್ಲಿ ಲಸಿಕೆ ಪಡೆದು ದಾಖಲಾದವರು 25,432 ಮಂದಿ. ಲೆಕ್ಕ ಬರೆದಿಟ್ಟದ್ದನ್ನೂ ಗಮನಿಸಿ. ನಮ್ಮ ಎಷ್ಟೋ ಸಂಘಗಳು ಲೆಕ್ಕದ ಪುಸ್ತಕದಲ್ಲಿಯೇ ಎಡವುತ್ತವೆ.

ಬಡತನಕ್ಕೆ ಅವರು ಕಂಡ ದಾರಿ ಭೂಮಿ. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಚದುರಿದ ಕುಟುಂಬಗಳನ್ನು ಕೂಡಿಸಿ ಬೇಸಾಯಕ್ಕೆ ನಿಲ್ಲಿಸಿದರು. ಅಂದಹಾಗೆ, 1800-01ರ ತಮ್ಮ ಪ್ರವಾಸದಲ್ಲಿ ಕುಂಪಣಿಯ ವೈದ್ಯ ಬುಕಾನನ್ ನಮ್ಮ ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳನ್ನು ನೋಡಿ ಬರೆದಿದ್ದಾರೆ. ಉಪ್ಪುಮಣ್ಣಿನಿಂದ ತೆಗೆದ ಸೌಳನ್ನೂ ಬಿಳಿಗಲ್ಲಿನ ಪುಡಿಯನ್ನೂ ಕರಗಿಸಿ ಗಾಜು ಮಾಡುತ್ತಿದ್ದರು ನಮ್ಮ ಹಿರಿಯರು. ಬೆಳೆಗೆ ಬಾರದ ನೆಲವೇ ಅವರಿಗೆ ಅನ್ನ ಕೊಟ್ಟಿತು.

ದೊಡ್ಡಸ್ವಾಮಿಯವರಿಗೆ ಎಲ್ಲವೂ ಬಗೆಹರಿಯಲಿಲ್ಲ. ಇಲ್ಲಿಯ ಜನರನ್ನು ಕ್ರಿಸ್ತನತ್ತ ತರುವ ತಮ್ಮ ಪ್ರಯತ್ನ ಸೋತಿತೆಂದೇ ಅವರು ನಂಬಿದರು. ಅದನ್ನು ಪತ್ರಗಳ ರೂಪದಲ್ಲಿ ಬರೆದು 1823ರಲ್ಲಿ ಪ್ರಕಟಿಸಿಯೂ ಬಿಟ್ಟರು. ಬಹಳ ಮಂದಿಗೆ ಸಿಟ್ಟು ಬಂತು. ಅದೇ ವರ್ಷ ಭಾರತ ಬಿಟ್ಟು, ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಸೆಮಿನರಿ ಸೇರಿ, ಮುಂದೆ ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಮತ್ತೆ ಈ ಕಡೆ ಬರಲಿಲ್ಲ. ಸಾತಹಳ್ಳಿಯಲ್ಲಿ ಇಂದಿಗೂ ಧರ್ಮಕೇಂದ್ರವಿದೆ, ಬಲಿಪೂಜೆ ನಡೆಯುತ್ತಿದೆ.